ತಂತಿ ಎಳೆಯುವವನಿಗೆ ಲೈಸೆನ್ಸ್ ಬೇಕು, ಗೋಡೆ ಎಬ್ಬಿಸುವವನಿಗೆ ಬೇಡ

(ಮೈಸೂರಿನ ನಮ್ಮ ಬಡಾವಣೆಯ ನಿವಾಸಿಗಳ ಸಂಘದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಮಧ್ಯೆ ಮೈಕ್ ಕೈಕೊಟ್ಟಿದ್ದು, ಕಾಫಿ ಬಂದಾಗ ಎದ್ದ ಗಲಾಟೆ, ಇವನ್ನು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಶುರು ಮಾಡುವ ಮೊದಲು ಒಂದು ಕೆಲಸ. ಸ್ವಂತ ಮನೆ ಕಟ್ಟಿಸಿದವರು ಕೈ ಎತ್ತಿ. ಪರವಾಗಿಲ್ಲ, ಮುಕ್ಕಾಲು ಜನ ಇದ್ದೀರಿ. ಈಗ, ನಿಮ್ಮ ಕಾಂಟ್ರಾಕ್ಟರಿಗೆ "ನಿಮ್ಮ ಲೈಸೆನ್ಸ್ ತೋರಿಸಿ" ಅಂತ ಕೇಳಿದವರು ಮಾತ್ರ ಕೈ ಹಾಗೇ ಇಟ್ಟುಕೊಳ್ಳಿ.

ಒಂದೇ ಒಂದು ಕೈ ಉಳಿಯಿತು. ಸಾರ್, ಅವರು ಏನು ತೋರಿಸಿದರು? "ಪಿಡಬ್ಲ್ಯುಡಿ ಕ್ಲಾಸ್ ಒನ್ ಅಂತ ಕಾರ್ಡ್ ಕೊಟ್ಟರು." ಸರಿ. ಆ ಕಾರ್ಡಿನ ವಿಚಾರಕ್ಕೆ ಆಮೇಲೆ ಬರುತ್ತೇನೆ, ಅದರಿಂದ ನಾನೂ ಪೆಟ್ಟು ತಿಂದಿದ್ದೇನೆ.

ಕೇಳದೆ ಇದ್ದವರು ಬೇಜಾರು ಮಾಡಿಕೊಳ್ಳಬೇಡಿ. ನಾನು ಬ್ಯಾಂಕಿನಲ್ಲಿ ಬಹಳ ವರ್ಷ ಮನೆ ಸಾಲದ ಫೈಲು ನೋಡಿದವನು. ನಾವೂ ಕೇಳುತ್ತಿರಲಿಲ್ಲ. ಕ್ರಯಪತ್ರ ಕೇಳುತ್ತಿದ್ದೆವು. ಇಸಿ ಅಂದರೆ ಋಣಭಾರ ಪತ್ರ, ಖಾತೆ, ಮಂಜೂರಾದ ನಕ್ಷೆ, ಎಂಜಿನಿಯರ್ ಸಹಿ ಇರುವ ಎಸ್ಟಿಮೇಟ್, ಸಂಬಳದ ಚೀಟಿ, ಎಲ್ಲ ಕೇಳುತ್ತಿದ್ದೆವು. ಸಾಲ ತೀರಿಸುವವನ ಜಾತಕವೇ ನಮ್ಮ ಹತ್ತಿರ ಇರುತ್ತಿತ್ತು. ಆದರೆ ಆ ದುಡ್ಡು ಯಾರ ಕೈಗೆ ಹೋಗಿ ಮನೆಯಾಗಿ ನಿಲ್ಲಬೇಕೋ, ಅವನ ಬಗ್ಗೆ ಫೈಲಿನಲ್ಲಿ ಒಂದು ಹಾಳೆಯೂ ಇರುತ್ತಿರಲಿಲ್ಲ. ಯಾಕೆ ಅಂದರೆ ಕೇಳಲು ಅಂಥದ್ದೊಂದು ಕಾಗದವೇ ಇಲ್ಲ. ನಿಮ್ಮ ಸೈಟಿನಲ್ಲಿ ನಿಮಗಾಗಿ ಮನೆ ಕಟ್ಟಿಕೊಡುವ ಖಾಸಗಿ ಕಾಂಟ್ರಾಕ್ಟರಿಗೆ ಕರ್ನಾಟಕದಲ್ಲಿ ಪರೀಕ್ಷೆ ಇಲ್ಲ, ಲೈಸೆನ್ಸ್ ಇಲ್ಲ. ಆಟೋ ಓಡಿಸಬೇಕಾದರೂ ಲೈಸೆನ್ಸ್ ಬೇಕು. ನಿಮ್ಮ ಮಕ್ಕಳು ಮಲಗುವ ಕೋಣೆಯ ಮೇಲೆ ಟನ್‌ಗಟ್ಟಲೆ ಕಾಂಕ್ರೀಟ್ ಹೊರಿಸುವವನಿಗೆ ಒಂದು ವಿಸಿಟಿಂಗ್ ಕಾರ್ಡ್ ಸಾಕು.

ಈಗ ಅದೇ ಮನೆಯ ವೈರಿಂಗ್ ನೋಡಿ. ಅಲ್ಲಿ ಕಥೆಯೇ ಬೇರೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಾಯಿಸುವಂಥ ಸಣ್ಣ ಕೆಲಸ ಬಿಟ್ಟರೆ, ಮನೆಯ ವಿದ್ಯುತ್ ಕೆಲಸವನ್ನು ರಾಜ್ಯ ಸರ್ಕಾರದ ಲೈಸೆನ್ಸ್ ಪಡೆದ ಎಲೆಕ್ಟ್ರಿಕಲ್ ಕಾಂಟ್ರಾಕ್ಟರೇ ಮಾಡಬೇಕು. ಅವನ ಕೆಳಗೆ ಸರ್ಟಿಫಿಕೇಟ್ ಇರುವ ಸೂಪರ್‌ವೈಸರ್ ನಿಂತು ನೋಡಬೇಕು. ತಂತಿ ಎಳೆಯುವ ಹುಡುಗನ ಹತ್ತಿರ ಪರ್ಮಿಟ್ ಇರಬೇಕು. ಇದು ಹೊಸದಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೇ ಇತ್ತು. 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ ಹೊಸ ಸುರಕ್ಷತಾ ನಿಯಮ ಮಾಡಿದಾಗಲೂ ಉಳಿಯಿತು, 2023ರಲ್ಲಿ ಮತ್ತೆ ಬರೆದಾಗಲೂ ಉಳಿಯಿತು. ನಮ್ಮಲ್ಲಿ ಈ ಲೈಸೆನ್ಸ್ ಕೊಡುವುದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ.

ಇದು ಬರೀ ಪುಸ್ತಕದ ನಿಯಮವಾಗಿ ಯಾಕೆ ಉಳಿಯಲಿಲ್ಲ ಗೊತ್ತಾ? ಮೀಟರ್ ಇದೆಯಲ್ಲ, ಅದಕ್ಕೆ. ಕೆಲಸ ಮುಗಿದ ಮೇಲೆ ಲೈಸೆನ್ಸ್ ಇದ್ದವನ ಸಹಿ ಬಿದ್ದ ಕಂಪ್ಲೀಷನ್ ರಿಪೋರ್ಟ್ ಕೊಡದಿದ್ದರೆ ಇಲ್ಲಿ ಸೆಸ್ಕ್, ಬೆಂಗಳೂರಿನಲ್ಲಿ ಬೆಸ್ಕಾಂ, ಕರೆಂಟ್ ಕೊಡುವುದಿಲ್ಲ. ಬೆಂಗಳೂರಿನ ಜಲಮಂಡಳಿ ಲೈಸೆನ್ಸ್ ಇರುವ ಪ್ಲಂಬರನ್ನೇ ಕೇಳುತ್ತದೆ. ಅಲ್ಲೂ ನಲ್ಲಿ ಅವರ ಕೈಯಲ್ಲಿದೆ. ಗೇಟು ಇದ್ದ ಕಡೆ ಲೈಸೆನ್ಸಿಗೆ ಬೆಲೆ. ಗೋಡೆಗೆ ಗೇಟಿಲ್ಲ. ಗಾರೆ ಒಣಗಿತು, ಬಣ್ಣ ಬಿತ್ತು, ಗೃಹಪ್ರವೇಶ ಆಯಿತು. ಇಟ್ಟಿಗೆ ಕಟ್ಟಿದವನು ಯಾರು ಅಂತ ಯಾರೂ ತಡೆದು ಕೇಳುವುದಿಲ್ಲ.

ಹಾಗಂತ ಈ ಗೇಟಿನಲ್ಲೂ ತೂತು ಇಲ್ಲ ಅಂತಲ್ಲ. ವೈರಿಂಗ್ ಮಾಡಿದವನೇ ಬೇರೆ, ಕೊನೆಗೆ ಒಂದಿಷ್ಟು ದುಡ್ಡು ತಗೊಂಡು ಸಹಿ ಹಾಕಿದವನೇ ಬೇರೆ, ಇದು ನಿಮಗೂ ಗೊತ್ತು ನನಗೂ ಗೊತ್ತು. ಅದಕ್ಕೇ ಲೈಸೆನ್ಸ್ ನಂಬರನ್ನು ವೈರಿಂಗ್ ಪೈಪ್ ಹಾಕುವ ಮೊದಲೇ ಬರೆಸಿಕೊಳ್ಳಿ. ಮೀಟರಿಗೆ ಅರ್ಜಿ ಹಾಕುವ ದಿನ ಅಲ್ಲ.

ಈಗ ಆ ಕಾರ್ಡು.

2009ರಲ್ಲಿ ನಾನು ಮನೆ ಕಟ್ಟಿಸಲು ಹೊರಟೆ. ಆ ಗಾದೆ ಹೇಳುವುದಿಲ್ಲ, ಹೆದರಬೇಡಿ. ಒಬ್ಬರು ಸಿಕ್ಕರು. ಜೀಪಿನ ಹಿಂದೆ ದೊಡ್ಡದಾಗಿ "ಕ್ಲಾಸ್ ಒನ್ ಕಾಂಟ್ರಾಕ್ಟರ್" ಅಂತ ಬರೆಸಿದ್ದರು. ಬ್ಯಾಂಕಿನವನು ನಾನು, ಸುಮ್ನೆ ನಂಬಲಿಲ್ಲ. ಕಾಗದ ಕೇಳಿದೆ. ತಂದು ತೋರಿಸಿದರು. ಅಸಲಿ ಕಾಗದವೇ. ಖುಷಿಯಾಗಿ ಅಡ್ವಾನ್ಸ್ ಕೊಟ್ಟೆ. ಫುಟಿಂಗ್ ಚೆನ್ನಾಗಿ ಆಯಿತು. ಪ್ಲಿಂತ್ ಆಯಿತು. ಲಿಂಟಲ್ ಮಟ್ಟಕ್ಕೆ ಬಂದಾಗ, ಮೋಲ್ಡಿಗೆ, ಅಂದರೆ ತಾರಸಿ ಕಾಂಕ್ರೀಟಿಗೆ, ಕಬ್ಬಿಣ ತರಬೇಕು ಅಂತ ಇನ್ನೊಂದು ದೊಡ್ಡ ಕಂತು ತಗೊಂಡರು. ಅಲ್ಲಿಗೆ ಸರಿ. ಏಳು ತಿಂಗಳು ಕಂಬದ ಸರಳು ಆಕಾಶ ನೋಡುತ್ತಾ ನಿಂತವು. ಒಂದು ಮುಂಗಾರು ಪೂರ್ತಿ ನೆನೆದು ಕೆಂಪಾದವು. ನನ್ನ ಹೆಂಡತಿ ಆ ದಾರಿಯಲ್ಲಿ ಹೋಗುವುದನ್ನೇ ಬಿಟ್ಟಳು.

ಆಮೇಲೆ ಗೊತ್ತಾಯಿತು, ಅವರಿಗೆ ಒಂದು ಸರ್ಕಾರಿ ರಸ್ತೆ ಕೆಲಸ ಸಿಕ್ಕಿತ್ತು. ನನ್ನ ಹುಡುಗರನ್ನು, ಅಂದರೆ ನನ್ನ ದುಡ್ಡಿನ ಹುಡುಗರನ್ನು, ಅಲ್ಲಿಗೆ ಕರಕೊಂಡು ಹೋಗಿದ್ದರು. ಆ ರಿಜಿಸ್ಟ್ರೇಷನ್ ಕೊಟ್ಟವರಿಗೇ ದೂರು ಕೊಡುತ್ತೇನೆ ಅಂತ ಎಂಜಿನಿಯರ್ ಸ್ನೇಹಿತನ ಹತ್ತಿರ ಹಾರಾಡಿದೆ. ಅವನು ನಕ್ಕುಬಿಟ್ಟ. "ಲೋ, ಆ ರಿಜಿಸ್ಟ್ರೇಷನ್ ಸರ್ಕಾರದ ಟೆಂಡರ್ ಹಾಕೋಕೆ ಕಣೋ. ಎಷ್ಟು ದೊಡ್ಡ ಟೆಂಡರ್ ಹಾಕಬಹುದು ಅನ್ನೋದಕ್ಕೆ ಕ್ಲಾಸು. ನಿನ್ನ ಮನೆಗೂ ಅದಕ್ಕೂ ಏನು ಸಂಬಂಧ?"

ಅವನು ಹೇಳಿದ ಮುಂದಿನ ಮಾತು ನನಗೆ ಇವತ್ತಿಗೂ ನೆನಪಿದೆ. ಸರ್ಕಾರದ ಕೆಲಸದಲ್ಲಿ ಕೈಕೊಟ್ಟರೆ ಅವನ ಠೇವಣಿ ಹೋಗುತ್ತದೆ, ಬಿಲ್ಲಿನಲ್ಲಿ ಹಿಡಿದಿಟ್ಟ ದುಡ್ಡು ಹೋಗುತ್ತದೆ, ಹೆಸರು ಕಪ್ಪುಪಟ್ಟಿಗೆ ಹೋಗಬಹುದು. ನಿನ್ನ ಕೆಲಸದಲ್ಲಿ ಕೈಕೊಟ್ಟರೆ ಏನು ಹೋಗುತ್ತದೆ? ಏನೂ ಇಲ್ಲ. ಹಾಗಾಗಿ ಎರಡು ಕಡೆ ಒಟ್ಟಿಗೆ ಕೆಲಸ ಬಿದ್ದಾಗ ಅವನು ಯಾವ ಕಡೆ ಓಡಬೇಕು? ನೋಡಿ, ಕ್ಲಾಸ್ ಒನ್ ಅನ್ನುವುದು ನನಗೆ ಭರವಸೆ ಆಗಬೇಕಿತ್ತು. ಆಗಿದ್ದು ಉಲ್ಟಾ. ಆ ಕಾಗದವೇ ಅವರನ್ನು ನನ್ನ ಸೈಟಿನಿಂದ ಎಳೆದುಕೊಂಡು ಹೋಯಿತು.

ಇನ್ನು ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ. "ಈಗ ರೇರಾ ಇದೆಯಲ್ಲ ಸಾರ್" ಅಂತ ಎಲ್ಲರೂ ಹೇಳುತ್ತಾರೆ. 2016ರ ಆ ಕಾಯ್ದೆ ಫ್ಲಾಟು, ಸೈಟು, ಮನೆ ಮಾರುವವರಿಗೆ. 500 ಚದರ ಮೀಟರಿಗಿಂತ ದೊಡ್ಡ ಜಾಗ ಅಥವಾ ಎಂಟಕ್ಕಿಂತ ಜಾಸ್ತಿ ಫ್ಲಾಟು ಇದ್ದರೆ ಪ್ರಾಜೆಕ್ಟನ್ನು ನೋಂದಾಯಿಸಬೇಕು. ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಐದು ವರ್ಷದವರೆಗೆ ಬಿಲ್ಡರ್ ಸರಿಮಾಡಿ ಕೊಡಬೇಕು. ಒಳ್ಳೆಯ ಕಾನೂನು. ಆದರೆ ನಿಮ್ಮ 30×40 ಸೈಟಿನಲ್ಲಿ ನೀವೇ ಮೇಸ್ತ್ರಿ ಇಟ್ಟು ಕಟ್ಟಿಸುವ ಮನೆಗೆ ಅದು ಬರುವುದಿಲ್ಲ. ಮುಂದೆ ಹೋಗೋಣ.

ಕಾರ್ಮಿಕ ಕಾನೂನಿನಲ್ಲಿ "ಕಾಂಟ್ರಾಕ್ಟರ್ ಲೈಸೆನ್ಸ್" ಅನ್ನುವ ಮಾತು ಇದೆ. ಅದನ್ನು ತೋರಿಸಿ "ನೋಡಿ ನನಗೆ ಲೈಸೆನ್ಸ್ ಇದೆ" ಅನ್ನುವವರಿದ್ದಾರೆ. ಅದು ಕೂಲಿಯವರ ರಕ್ಷಣೆಗೆ ಇರುವುದು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲಿ 20 ಜನರನ್ನು ಕೆಲಸಕ್ಕಿಟ್ಟರೆ ಲೈಸೆನ್ಸ್ ಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಅದು 50 ಆಗಿದೆ. ಮೋಲ್ಡ್ ಹಾಕುವ ದಿನ ನಿಮ್ಮ ಸೈಟಿನಲ್ಲಿ ತಲೆ ಎಣಿಸಿ ನೋಡಿ, ಮಿಕ್ಸರ್ ಹತ್ತಿರ, ಲಿಫ್ಟ್ ಹತ್ತಿರ, ಮೇಲೆ, ಕೆಳಗೆ, ಇಪ್ಪತ್ತೈದು ಮೂವತ್ತು ಜನ ಇರುತ್ತಾರೆ. ಮೊದಲು ಅಂಥ ದಿನ ಲೈಸೆನ್ಸ್ ಪ್ರಶ್ನೆ ಏಳುತ್ತಿತ್ತು, ಈಗ ಅದೂ ಇಲ್ಲ. ನಕ್ಷೆ ಮಂಜೂರಾತಿ ಹೊತ್ತಿಗೆ ನೀವು ಕಟ್ಟುವ ಒಂದು ಪರ್ಸೆಂಟ್ ಲೇಬರ್ ಸೆಸ್ ಕೂಡ ಇದೇ ಸಾಲಿನದು. ಅದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಸ್ವಂತ ವಾಸದ ಮನೆಗೆ ಮೊದಲು 10 ಲಕ್ಷದವರೆಗೆ ವಿನಾಯಿತಿ ಇತ್ತು, ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ 50 ಲಕ್ಷ. ಒಳ್ಳೆಯದೇ, ಇರಲಿ. ಆದರೆ ಗೋಡೆ ನೆಟ್ಟಗಿದೆಯಾ ಅನ್ನುವುದಕ್ಕೆ ಇದ್ಯಾವುದೂ ಸಾಕ್ಷಿ ಅಲ್ಲ.

"ಎಂಜಿನಿಯರ್ ಇದ್ದಾರಲ್ಲ?" ಇದ್ದಾರೆ. ನಕ್ಷೆಗೆ ಸಹಿ ಹಾಕಲು ಪಾಲಿಕೆಯಲ್ಲಿ ನೋಂದಾಯಿಸಿಕೊಂಡ ಎಂಜಿನಿಯರ್ ಅಥವಾ ಆರ್ಕಿಟೆಕ್ಟ್ ಬೇಕೇ ಬೇಕು. ಆದರೆ ಹೇಳಿ, ನಿಮ್ಮ ನಕ್ಷೆಗೆ ಸಹಿ ಹಾಕಿದವರು ನಿಮ್ಮ ಸೈಟಿಗೆ ಎಷ್ಟು ಸಲ ಬಂದರು? ಕೆಲವರು ಅವರ ಮುಖವನ್ನೇ ನೋಡಿಲ್ಲ, ಅಲ್ವಾ? ಇನ್ನೊಂದು ತಮಾಷೆ. 1972ರ ಆರ್ಕಿಟೆಕ್ಟ್ ಕಾಯ್ದೆ ಇದೆ. ನೋಂದಾಯಿಸಿಕೊಳ್ಳದವರು "ಆರ್ಕಿಟೆಕ್ಟ್" ಅಂತ ಹೆಸರು ಹಾಕಿಕೊಳ್ಳುವ ಹಾಗಿಲ್ಲ. ಆದರೆ ಆ ಕಾಯ್ದೆ ಕಾಯುವುದು ಹೆಸರನ್ನು ಮಾತ್ರ, ಆ ಕೆಲಸ ಮಾಡಬೇಡಿ ಅಂತ ಬೇರೆಯವರನ್ನು ತಡೆಯುವುದಿಲ್ಲ ಅಂತ 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಬೇರೆ ಕಡೆ ಹೇಗಿದೆ ಅಂತ ನೋಡೋಣ. ಇಲ್ಲಿ ಕೂತಿರುವವರಲ್ಲಿ ಎಷ್ಟೋ ಜನರ ಮಕ್ಕಳು ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ನನ್ನ ಮಗಳೂ ಸ್ಯಾನ್ ಹೋಸೆ ಹತ್ತಿರ ಇದ್ದಾಳೆ. ಅವಳು ಅಡುಗೆಮನೆ ಒಡೆದು ಹೊಸದಾಗಿ ಮಾಡಿಸಿದಾಗ ನಾನು ಅಲ್ಲೇ ಇದ್ದೆ. ಕಾಂಟ್ರಾಕ್ಟರ್ ಬರುವ ಮೊದಲೇ ಅವಳು ಫೋನಿನಲ್ಲಿ ಅವನ ಲೈಸೆನ್ಸ್ ನಂಬರ್ ಹಾಕಿ ನೋಡಿದಳು. ಚಾಲ್ತಿಯಲ್ಲಿದೆಯಾ, ಕೈಕೊಟ್ಟರೆ ಪರಿಹಾರಕ್ಕೆ ಅಂತ ಇಟ್ಟ ಬಾಂಡ್ ಇದೆಯಾ, ಕೆಲಸಗಾರರ ವಿಮೆ ಇದೆಯಾ, ಎಲ್ಲ ಬಂತು. ಹುಡುಗನಿಗೆ ಹೆಣ್ಣು ಕೊಡುವಾಗಲೂ ನಾವು ಇಷ್ಟು ವಿಚಾರಿಸಿರಲಿಲ್ಲ.

ಅಲ್ಲಿ ಇದಕ್ಕೆಂದೇ ಒಂದು ಮಂಡಳಿ ಇದೆ, 1929ರಿಂದ. ಲೈಸೆನ್ಸ್ ಬೇಕಾದರೆ ಆ ಕಸುಬಿನಲ್ಲಿ ಕನಿಷ್ಠ ನಾಲ್ಕು ವರ್ಷದ ಅನುಭವ ತೋರಿಸಬೇಕು. ಪರೀಕ್ಷೆ ಎರಡು: ಒಂದು ಕಸುಬಿನದು, ಇನ್ನೊಂದು ಕಾನೂನು ಮತ್ತು ವ್ಯವಹಾರದ್ದು. 25,000 ಡಾಲರ್ ಬಾಂಡ್ ಇಡಬೇಕು. ಮನೆ ರಿಪೇರಿ, ಸುಧಾರಣೆಯ ಕೆಲಸಕ್ಕೆ ಅಡ್ವಾನ್ಸ್ ಹತ್ತು ಪರ್ಸೆಂಟ್ ಅಥವಾ 1,000 ಡಾಲರ್, ಇದರಲ್ಲಿ ಯಾವುದು ಕಡಿಮೆಯೋ ಅದಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. ಸಣ್ಣ ಚಿಲ್ಲರೆ ಕೆಲಸಕ್ಕೆ ಮಾತ್ರ ಲೈಸೆನ್ಸ್ ಬೇಡ. ಆ ಮಿತಿ 500 ಡಾಲರ್ ಇತ್ತು, 2025ರ ಜನವರಿಯಿಂದ 1,000 ಆಗಿದೆ.

ಇದೆಲ್ಲಕ್ಕಿಂತ ನನಗೆ ಹಿಡಿಸಿದ ನಿಯಮ ಒಂದಿದೆ. ಲೈಸೆನ್ಸ್ ಇಲ್ಲದವನು ಅಲ್ಲಿ ಕೆಲಸ ಮಾಡಿದರೆ, ದುಡ್ಡು ಕೊಡಿಸಿ ಅಂತ ಕೋರ್ಟಿಗೆ ಹೋಗುವ ಹಾಗೇ ಇಲ್ಲ. ಕೆಲಸ ಎಷ್ಟೇ ಚೆನ್ನಾಗಿರಲಿ. ಅಷ್ಟೇ ಅಲ್ಲ, ಆಗಲೇ ಕೊಟ್ಟ ದುಡ್ಡನ್ನೂ ಮನೆಯವರು ವಾಪಸ್ ಕೇಳಬಹುದು. ಇದು ಅಲ್ಲಿಯ ಮೀಟರು, ನೋಡಿ. ಅಧಿಕಾರಿ ಬಂದು ಹಿಡಿಯಲಿ ಅಂತ ಕಾಯಬೇಕಿಲ್ಲ, ಲೈಸೆನ್ಸ್ ಇಲ್ಲದವನಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಹಾಗಂತ ಅಲ್ಲಿ ಮೋಸವೇ ಇಲ್ಲ ಅಂತ ತಿಳಿಯಬೇಡಿ. ಆ 25,000 ಡಾಲರ್ ಬಾಂಡ್ ನಿಮ್ಮೊಬ್ಬರಿಗಲ್ಲ, ಅವನಿಂದ ಪೆಟ್ಟು ತಿಂದ ಎಲ್ಲರೂ ಅದರಲ್ಲೇ ಪಾಲು ಹಂಚಿಕೊಳ್ಳಬೇಕು.

ನಮ್ಮಲ್ಲಿ ಇದು ಯಾವಾಗ ಬರುತ್ತದೋ, ಬರಬೇಕೋ ಬೇಡವೋ, ಅದು ಬೇರೆ ಚರ್ಚೆ. ನಿಮ್ಮ ಗುದ್ದಲಿ ಪೂಜೆ ಮುಂದಿನ ತಿಂಗಳು ಇದೆ. ಲೈಸೆನ್ಸ್ ಮಾಡಬೇಕಾದ ಕೆಲಸವನ್ನು ಸದ್ಯಕ್ಕೆ ನಿಮ್ಮ ಅಗ್ರಿಮೆಂಟೇ ಮಾಡಬೇಕು. ಈಗ ನೀವೆಲ್ಲ ಮಾಡುವ ಅಗ್ರಿಮೆಂಟ್ ಏನು? ಛಾಪಾ ಕಾಗದದ ಮೇಲೆ "ಚದರಕ್ಕೆ ಇಷ್ಟು ಸಾವಿರ, ಇಂತಿಷ್ಟು ಚದರ" ಅಂತ ಎರಡು ಪುಟ. ಉಳಿದದ್ದು ಬಾಯಿಮಾತು.

ಮೊದಲನೆಯದು, ಆಸಾಮಿ ಯಾರು. ಪ್ಯಾನ್, ಮನೆ ವಿಳಾಸ, ಇದ್ದರೆ ಜಿಎಸ್‌ಟಿ ನಂಬರ್. ಜಿಎಸ್‌ಟಿ ನಂಬರ್ ಕೆಲಸದ ಗುಣಮಟ್ಟಕ್ಕೆ ಸರ್ಟಿಫಿಕೇಟ್ ಅಲ್ಲ, ಆದರೆ ನಾಳೆ ಅವನು ಫೋನ್ ಎತ್ತದಿದ್ದಾಗ ಹುಡುಕಲು ಒಂದು ದಾರಿ. ಇಲ್ಲೊಂದು ವಿಷಯ ತಿಳಿದಿರಲಿ: ಒಂಟಿ ಮನೆಗೆ ಬರೀ ಲೇಬರ್ ಕಾಂಟ್ರಾಕ್ಟ್ ಕೊಟ್ಟರೆ ಜಿಎಸ್‌ಟಿ ಇಲ್ಲ. ಸಾಮಾನು ಸಮೇತ ಕೊಟ್ಟರೆ 18 ಪರ್ಸೆಂಟ್. ಅದಕ್ಕೇ "ಬಿಲ್ ಬೇಡ ಅಂದ್ರೆ ಹದಿನೆಂಟು ಉಳಿಯುತ್ತೆ ಸಾರ್" ಅನ್ನುವ ಮಾತು ಬರುವುದು. ಉಳಿಯುತ್ತದೆ, ನಿಜ. ಜೊತೆಗೆ ನೀವು ದುಡ್ಡು ಕೊಟ್ಟಿದ್ದಕ್ಕೆ ಸಾಕ್ಷಿಯೂ ಹೋಗುತ್ತದೆ. ಒಬ್ಬರಿಗೇ ವರ್ಷಕ್ಕೆ 50 ಲಕ್ಷ ದಾಟಿ ಕೊಡುವವರು ಎರಡು ಪರ್ಸೆಂಟ್ ಟಿಡಿಎಸ್ ಹಿಡಿಯಬೇಕು, ಇದೂ ತುಂಬ ಜನಕ್ಕೆ ಗೊತ್ತಿಲ್ಲ.

ಎರಡನೆಯದು ಕಂತು. ಬ್ಯಾಂಕು ನಿಮಗೆ ಹೇಗೆ ಸಾಲ ಬಿಡುಗಡೆ ಮಾಡುತ್ತದೋ ಹಾಗೇ ನೀವು ಅವನಿಗೆ ಮಾಡಿ. ಪ್ಲಿಂತ್ ಮುಗಿದರೆ ಇಷ್ಟು, ಲಿಂಟಲ್ ಮುಗಿದರೆ ಇಷ್ಟು, ಮೋಲ್ಡ್ ಆದಮೇಲೆ ಇಷ್ಟು. "ಮುಗಿದರೆ" ಅಂತ ಬರೆಯಿರಿ, "ಶುರುವಾದರೆ" ಅಂತ ಬೇಡ. ನಾನು ಎಡವಿದ್ದು ಈ ಒಂದು ಶಬ್ದದಲ್ಲಿ. ಕೊನೆಯ ಐದು ಪರ್ಸೆಂಟ್ ಒಂದು ವರ್ಷ ನಿಮ್ಮ ಹತ್ತಿರವೇ ಇರಲಿ. ಒಂದು ಮಳೆಗಾಲ ಕಳೆದರೆ ತಾರಸಿ ತಾನೇ ಮಾತಾಡುತ್ತದೆ.

ಗುಣಮಟ್ಟದ ಬಗ್ಗೆ "ಒಳ್ಳೆ ಕ್ವಾಲಿಟಿ" ಅಂತ ಬರೆದರೆ ಪ್ರಯೋಜನ ಇಲ್ಲ. ನಿಮ್ಮದು ಒಳ್ಳೆಯದು ಬೇರೆ, ಅವನದು ಬೇರೆ. "ಕಾಂಕ್ರೀಟ್ ಕೆಲಸ ಐಎಸ್ 456ರ ಪ್ರಕಾರ" ಅಂತ ಒಂದು ಸಾಲು ಹಾಕಿ. ಅದು ಕಾಂಕ್ರೀಟ್ ಕೆಲಸಕ್ಕೆ ಇರುವ ಭಾರತೀಯ ಮಾನಕ. ಆ ಒಂದು ಸಾಲಿನ ಒಳಗೆ ತುಂಬ ಇದೆ. ಸರಳು ಹಾಕಿದ ಕಾಂಕ್ರೀಟಿನ ಬಲ ಕನಿಷ್ಠ ಎಂ-20 ದರ್ಜೆಯದು. ಮಾಮೂಲಿ ಸಿಮೆಂಟಾದರೆ ಕನಿಷ್ಠ ಏಳು ದಿನ ಕ್ಯೂರಿಂಗ್, ಈಗ ಎಲ್ಲ ಕಡೆ ಸಿಗುವ ಪಿಪಿಸಿ, ಅಂದರೆ ಹಾರುಬೂದಿ ಬೆರೆತ ಸಿಮೆಂಟಾದರೆ ಹತ್ತು ದಿನ. ಸೆಂಟ್ರಿಂಗ್ ಆಸರೆಯನ್ನು ನಾಲ್ಕೂವರೆ ಮೀಟರ್ ಒಳಗಿನ ಸ್ಲ್ಯಾಬಿಗೆ ಏಳು ದಿನದ ಮೊದಲು ತೆಗೆಯುವ ಹಾಗಿಲ್ಲ, ಅದಕ್ಕಿಂತ ದೊಡ್ಡದಾದರೆ ಹದಿನಾಲ್ಕು. ಬೇರೆ ಸೈಟಿಗೆ ಹಲಗೆ ಬೇಕು ಅಂತ ಐದನೇ ದಿನಕ್ಕೇ ಬಿಚ್ಚಲು ಬಂದರೆ, ನೀವು ಜಗಳ ಆಡಬೇಕಿಲ್ಲ. ಕಾಗದ ತೋರಿಸಿ.

ಎಲೆಕ್ಟ್ರಿಕಲ್ ಲೈಸೆನ್ಸ್ ನಂಬರ್ ಅದರಲ್ಲೇ ಇರಲಿ. ಕೆಲಸಗಾರರಿಗೆ ವಿಮೆ ಮಾಡಿಸಿದ್ದರೆ ಪಾಲಿಸಿ ಪ್ರತಿ ಇಟ್ಟುಕೊಳ್ಳಿ, ಮಾಡಿಸದಿದ್ದರೆ ನೀವೇ ಮಾಡಿಸಿ, ದೊಡ್ಡ ಖರ್ಚಲ್ಲ. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು ಕೂಲಿಗೆ ಬಂದವರು ಸತ್ತರಲ್ಲ, ಆಗ ಕೇಸು ಕಾಂಟ್ರಾಕ್ಟರ್ ಮೇಲೆ ಮಾತ್ರ ಬೀಳಲಿಲ್ಲ. ಮಾಲೀಕರ ಕಡೆಗೂ ಬಂತು. ಮತ್ತೆ, ಇಷ್ಟು ದಿನ ಕೆಲಸ ನಿಂತರೆ ನಾನು ಬೇರೆಯವರಿಂದ ಮಾಡಿಸಿಕೊಳ್ಳಬಹುದು ಅನ್ನುವ ಸಾಲು. ಇದು ಇಲ್ಲದೆ ನಾನು ಏಳು ತಿಂಗಳು ಬಾಗಿಲು ಕಾದೆ.

ಇಷ್ಟಾದ ಮೇಲೂ ಕೈಕೊಟ್ಟರೆ? ಗ್ರಾಹಕರ ಆಯೋಗ ಇದೆ. 1993ರಲ್ಲಿ ಗ್ರಾಹಕ ಕಾಯ್ದೆಗೆ ತಿದ್ದುಪಡಿ ತಂದು "ಸೇವೆ" ಅನ್ನುವುದರಲ್ಲಿ ಮನೆ ನಿರ್ಮಾಣವನ್ನು ಸೇರಿಸಿದರು. ಅದೇ ವರ್ಷ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. 2019ರ ಹೊಸ ಕಾಯ್ದೆಯಲ್ಲೂ ಇದೆ. ನೀವು ಕೊಟ್ಟ ದುಡ್ಡು 50 ಲಕ್ಷದ ಒಳಗಿದ್ದರೆ ಜಿಲ್ಲಾ ಆಯೋಗವೇ ಸಾಕು. ಐದು ಲಕ್ಷದವರೆಗೆ ಶುಲ್ಕವೂ ಇಲ್ಲ. ವಕೀಲರು ಇಲ್ಲದೆಯೂ ನೀವೇ ವಾದಿಸಬಹುದು. ಗಡುವು ಎರಡು ವರ್ಷ, ಅದನ್ನು ಮರೆಯಬೇಡಿ. ನಾನು "ಇವತ್ತು ಬರ್ತಾನೆ, ನಾಳೆ ಬರ್ತಾನೆ" ಅಂತಲೇ ಕಾಲ ಕಳೆದೆ. ಅರ್ಧ ದುಡ್ಡು ನಗದಾಗಿ ಕೊಟ್ಟಿದ್ದೆ ಬೇರೆ. ಬ್ಯಾಂಕಿನವನು ನಾನು!

ಪ್ರಶ್ನೆಗಳಿದ್ದರೆ ಕೇಳಿ.

"ಓಸಿ ಇಲ್ಲದೆ ಕರೆಂಟ್ ಇಲ್ಲ ಅಂತ ಆಯಿತಲ್ಲ ಸಾರ್, ಅದೂ ನೀವು ಹೇಳಿದ ಗೇಟು ತಾನೆ?" ಒಳ್ಳೆಯ ಪ್ರಶ್ನೆ. ಓಸಿ ಅಂದರೆ ಕಟ್ಟಡದಲ್ಲಿ ವಾಸ ಮಾಡಬಹುದು ಅಂತ ಕೊಡುವ ಸ್ವಾಧೀನ ಪತ್ರ. ಹೌದು. 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಅದು ಬಂತು. 2025ರಲ್ಲಿ ನಮ್ಮ ಜನ ಮೀಟರಿಗೆ ಒದ್ದಾಡಿದ್ದು ಅದಕ್ಕೇ. ಆಮೇಲೆ 1200 ಚದರ ಅಡಿವರೆಗಿನ ಸೈಟಿನ ಸಣ್ಣ ಮನೆಗಳಿಗೆ ರಾಜ್ಯ ಸರ್ಕಾರ ವಿನಾಯಿತಿ ಕೊಟ್ಟಿತು. ಆದರೆ ಆ ಗೇಟಿನಲ್ಲಿ ಕೇಳುವುದು ನಕ್ಷೆ ಪ್ರಕಾರ ಕಟ್ಟಿದಿರಾ, ಸೆಟ್‌ಬ್ಯಾಕ್ ಬಿಟ್ಟಿರಾ ಅಂತ. ಯಾರು ಕಟ್ಟಿದರು ಅಂತ ಅಲ್ಲ.

ಹಿಂದೆ ನಿಂತಿದ್ದೀರಲ್ಲ, ಹೇಳಿ. "ಸಾರ್, ನಾನು ಗಾರೆ ಮೇಸ್ತ್ರಿ. ಓದಿರೋದು ನಾಲ್ಕನೇ ಕ್ಲಾಸು. ಈ ಬಡಾವಣೆಯಲ್ಲೇ ಹನ್ನೊಂದು ಮನೆ ಕಟ್ಟಿದ್ದೀನಿ, ಒಂದೂ ಸೋರಿಲ್ಲ. ನಾಳೆ ಲೈಸೆನ್ಸು ಪರೀಕ್ಷೆ ಅಂತ ಬಂದ್ರೆ ನಾನು ಎಲ್ಲಿಗೆ ಹೋಗ್ಲಿ?"

ನಿಮಗೆ ಕೊಡಲು ನನ್ನ ಹತ್ತಿರ ಚಂದದ ಉತ್ತರ ಇಲ್ಲ ಮೇಸ್ತ್ರಿ. ಆ ನಾಲ್ಕು ವರ್ಷದ ಅನುಭವ ಅಂದರೆ ನೀವು ಹತ್ತು ಸಲ ಪಾಸು. ಬರೆಯುವ ಪರೀಕ್ಷೆ ಇಟ್ಟರೆ, ನನ್ನ ಮನೆ ಅರ್ಧಕ್ಕೆ ಬಿಟ್ಟು ಹೋದವರು ಪಾಸಾಗುತ್ತಾರೆ, ನೀವು ಹೊರಗೆ ನಿಲ್ಲುತ್ತೀರಿ. ಹಾಗೆ ಆಗುವುದಾದರೆ ಅದು ಬರುವುದೇ ಬೇಡ ಅನ್ನುತ್ತೇನೆ. ಗೋಡೆ ಕಟ್ಟಿಸಿ ನೋಡಿ, ತೂಕದಗುಂಡು ಬಿಟ್ಟು ನೋಡಿ ಪಾಸು ಮಾಡುವಂಥ ಪರೀಕ್ಷೆ ಇಡಲಿ, ನಾನೇ ನಿಮ್ಮ ಅರ್ಜಿ ಬರೆದುಕೊಡುತ್ತೇನೆ.

"ಅರ್ಜಿ ಆಮೇಲೆ ನೋಡೋಣ ಸಾರ್. ಆ ಅಗ್ರಿಮೆಂಟ್ ಹೇಳಿದ್ರಲ್ಲ, ಅದರದ್ದು ಒಂದು ಜೆರಾಕ್ಸ್ ಇದ್ರೆ ಕೊಡಿ. ಮೋಲ್ಡ್ ಮುಗಿದು ಎರಡು ವರ್ಷ ಆದ್ರೂ ಬಾಕಿ ಕೊಡದ ಓನರ್ ಒಬ್ಬರು ಇಲ್ಲೇ ಕೂತಿದ್ದಾರೆ."